ಅಂತರಜಾಲದ ಕೊಂಡಿಗಳೂ ಸಾಕ್ಷ್ಯದ ಪ್ರಶ್ನೆಯೂ

ಒಂದು ಸಂಗತಿಯನ್ನು ಹತ್ತು ಗ್ರಂಥಗಳು ಹೇಳಿದ ಮಾತ್ರಕ್ಕೆ ಅದಕ್ಕೆ ಹತ್ತು ಸಾಕ್ಷ್ಯಗಳು ದೊರೆತಂತಾಗುವುದಿಲ್ಲ. ಆ ಹತ್ತರಲ್ಲಿ ಒಂಬತ್ತು ಗ್ರಂಥಗಳು ಮೊದಲನೆಯದನ್ನು ನೋಡಿಯೇ ಬರೆದುವಾಗಿದ್ದರೆ ಎಣಿಕೆಗೆ ಹತ್ತಾದರೂ ಸಾಕ್ಷ್ಯವು ಒಂದೇ. ಇತಿಹಾಸದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುವ ಈ ಪಾಠವನ್ನು ಇಲ್ಲಿ ಮತ್ತೆ ಎತ್ತಲು ಕಾರಣವುಂಟು. ಈಗ ನಮ್ಮ ವಿದ್ಯಾರ್ಥಿಗಳು ಯಾವ ವಿಷಯವನ್ನು ತಿಳಿಯಬೇಕಾದರೂ ಮೊದಲು ಶೋಧಯಂತ್ರದ ಮೊರೆಹೋಗುತ್ತಾರೆ. ಅಧ್ಯಾಪಕರಾದ ನಾವೂ ಅದನ್ನೇ ಮಾಡುತ್ತೇವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಆ ಯಂತ್ರವು ಯಾವ ಪುಟವನ್ನು ಮೊದಲು ತೋರಿಸುತ್ತದೆ, ಯಾವುದನ್ನು ಯಾರೂ ನೋಡದಷ್ಟು ಹಿಂದಕ್ಕೆ ತಳ್ಳುತ್ತದೆ ಎಂಬುದು ಬಹುಕಾಲ ಮುಖ್ಯವಾಗಿ ಒಂದು ಗಣನೆಯನ್ನು ಅವಲಂಬಿಸಿತ್ತು. ಆ ಪುಟದ ಕಡೆಗೆ ಬೇರೆ ಎಷ್ಟು ಪುಟಗಳು, ಎಂತಹ ಪುಟಗಳು ಕೊಂಡಿ ಹಾಕಿವೆ ಎಂಬುದೇ ಆ ಗಣನೆ. ಕೊಂಡಿಯೆಂದರೆ, ಒಂದು ಪುಟದಲ್ಲಿ ಗುರುತುಮಾಡಿದ ಪದವನ್ನು ಒತ್ತಿದೊಡನೆ ಓದುಗನನ್ನು ಮತ್ತೊಂದು ಪುಟಕ್ಕೆ ಒಯ್ಯುವ ಸಂಪರ್ಕ. ಅದನ್ನು ಸಾಕ್ಷ್ಯವೆಂದು ಎಣಿಸಿದರು. ಎಣಿಸುತ್ತಾರೆಂದು ತಿಳಿದೊಡನೆ ಜನರು ಅದನ್ನು ತಯಾರಿಸತೊಡಗಿದರು. ಈ ತಯಾರಿಕೆಯ ಚರಿತ್ರೆಯನ್ನು ಸಾಕ್ಷ್ಯಪರೀಕ್ಷೆಯ ದೃಷ್ಟಿಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಉಲ್ಲೇಖಗಳನ್ನು ಎಣಿಸುವ ಪದ್ಧತಿಯು ಗಣಕಯಂತ್ರಕ್ಕಿಂತ ಬಹಳ ಹಿಂದಿನದು. ಅದರ ಮೂಲವನ್ನು ಅಮೆರಿಕದ ನ್ಯಾಯಾಲಯಗಳಲ್ಲಿ ಅರಸಬೇಕು. ಆಂಗ್ಲ ನ್ಯಾಯಪದ್ಧತಿಯನ್ನು ಅನುಸರಿಸುವ ದೇಶಗಳಲ್ಲಿ ಹಿಂದಿನ ತೀರ್ಪು ಮುಂದಿನ ಮೊಕದ್ದಮೆಗೆ ಆಧಾರ. ಆದುದರಿಂದ ವಕೀಲನಾದವನು ತಾನು ಆಶ್ರಯಿಸುವ ತೀರ್ಪನ್ನು ಅನಂತರದ ನ್ಯಾಯಾಧೀಶರು ಎತ್ತಿಹಿಡಿದರೋ ತಳ್ಳಿಹಾಕಿದರೋ ಎಂಬುದನ್ನು ಅರಿತಿರಲೇಬೇಕು. ೧೮೭೩ರಲ್ಲಿ ಇಲಿನಾಯ್ ಸಂಸ್ಥಾನದ ಫ್ರಾಂಕ್ ಷೆಪರ್ಡ್ ಎಂಬಾತನು ಇದಕ್ಕೊಂದು ಉಪಾಯವನ್ನು ಹೂಡಿದನು. ಒಂದೊಂದು ತೀರ್ಪನ್ನೂ ಮುಂದೆ ಯಾವ ಯಾವ ತೀರ್ಪುಗಳು ಹೆಸರಿಸಿವೆ ಎಂಬುದನ್ನು ಅಂಟುಚೀಟಿಗಳ ಮೇಲೆ ಅಚ್ಚುಹಾಕಿಸಿ ಮಾರಿದನು. ವಕೀಲರು ಅವನ್ನು ತಮ್ಮ ಸಂಪುಟಗಳ ಅಂಚಿನಲ್ಲಿ ಅಂಟಿಸಿಕೊಂಡರು. ಈ ಸೂಚಿಯು ಮುಂದೆ ಗ್ರಂಥರೂಪವನ್ನು ತಾಳಿ ವಕೀಲರ ನಿತ್ಯೋಪಯೋಗದ ಸಾಧನವಾಯಿತು. ಇಲ್ಲಿ ಒಂದು ಅಂಶವನ್ನು ಮನಸ್ಸಿನಲ್ಲಿಡತಕ್ಕದ್ದು. ಆ ಸೂಚಿಯು ಬರಿಯ ಎಣಿಕೆಯಾಗಿರಲಿಲ್ಲ. ಹಿಂದಿನ ತೀರ್ಪನ್ನು ಅನುಸರಿಸಿದೆ, ಟೀಕಿಸಿದೆ, ರದ್ದುಮಾಡಿದೆ ಎಂಬ ಭೇದಗಳನ್ನು ಸೂಚಿಸಲು ಅದರಲ್ಲಿ ಬೇರೆ ಬೇರೆ ಸಂಕೇತಾಕ್ಷರಗಳಿದ್ದುವು.

ಎರಡನೆಯ ಹೆಜ್ಜೆಯನ್ನಿಟ್ಟವರು ನಮ್ಮಂತಹ ಕಾಲೇಜಿನವರೇ. ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ೧೯೨೭ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅವರ ಪ್ರಶ್ನೆ ಸರಳವಾದುದು: ಸಣ್ಣ ಕಾಲೇಜಿನ ಪುಸ್ತಕಭಂಡಾರಕ್ಕೆ ಹಣ ಕಡಮೆ, ರಸಾಯನಶಾಸ್ತ್ರದ ಯಾವ ಪತ್ರಿಕೆಗಳನ್ನು ತರಿಸಬೇಕು, ಯಾವುವನ್ನು ಬಿಡಬೇಕು? ಅವರು ಅಮೆರಿಕದ ರಸಾಯನ ಸಂಘದ ಪತ್ರಿಕೆಯ ೧೯೨೬ರ ಸಂಪುಟವನ್ನು ತೆಗೆದುಕೊಂಡು ಅದರಲ್ಲಿದ್ದ ೩,೬೩೩ ಉಲ್ಲೇಖಗಳನ್ನು ಎಣಿಸಿ, ಹೆಚ್ಚು ಬಾರಿ ಹೆಸರಿಸಲ್ಪಟ್ಟ ಪತ್ರಿಕೆಗಳಿಗೆ ಮೊದಲ ಸ್ಥಾನವನ್ನು ಕೊಟ್ಟರು. ಆ ಉಲ್ಲೇಖಗಳನ್ನು ಬರೆದ ವಿಜ್ಞಾನಿಗಳಿಗೆ ಯಾರೋ ಇಬ್ಬರು ಅವನ್ನು ಎಣಿಸಿಯಾರೆಂಬ ಕಲ್ಪನೆಯೂ ಇರಲಿಲ್ಲ. ಆ ಎಣಿಕೆಯು ನಂಬಲರ್ಹವಾದುದಕ್ಕೆ ಇದೇ ಕಾರಣವೆಂಬುದು ಈ ಲೇಖಕನ ಅಭಿಪ್ರಾಯ.

ಅಲ್ಲಿಂದ ಮುಂದಿನ ಕಥೆ ತಕ್ಕಮಟ್ಟಿಗೆ ಸುಪರಿಚಿತ. ಯೂಜೀನ್ ಗಾರ್ಫೀಲ್ಡ್ ಅವರಿಗೆ ಷೆಪರ್ಡ್ ಸಂಸ್ಥೆಯ ಮಾಜಿ ಅಧಿಕಾರಿಯೊಬ್ಬರ ಪತ್ರದ ಮೂಲಕ ವಕೀಲರ ಸೂಚಿಯ ಪರಿಚಯವಾಯಿತು. ಅದೇ ಬಗೆಯ ಸೂಚಿ ವಿಜ್ಞಾನಕ್ಕೂ ಬೇಕೆಂದು ಅವರು ೧೯೫೫ರಲ್ಲಿ ವಾದಿಸಿದರು. ೧೯೬೪ರಿಂದ ಫಿಲಡೆಲ್ಫಿಯಾದ ಅವರ ಸಂಸ್ಥೆಯು ಅದನ್ನು ಕ್ರಮವಾಗಿ ಪ್ರಕಟಿಸತೊಡಗಿತು. ೧೯೭೬ರಲ್ಲಿ ಪಿನ್ಸ್ಕಿ ಮತ್ತು ನಾರಿನ್ ಎಂಬ ವಿದ್ವಾಂಸರು, ಎಲ್ಲ ಉಲ್ಲೇಖಗಳೂ ಸಮತೂಕದವಲ್ಲ, ಹೆಸರಿಸುವ ಪತ್ರಿಕೆಯ ಘನತೆಗೆ ತಕ್ಕಂತೆ ಉಲ್ಲೇಖದ ತೂಕವನ್ನು ನಿರ್ಣಯಿಸಬೇಕು ಎಂಬ ತತ್ತ್ವವನ್ನು ಗಣಿತರೂಪದಲ್ಲಿ ಮಂಡಿಸಿದರು. ಆದರೆ ವಕೀಲರ ಸಂಕೇತಾಕ್ಷರಗಳು ಈ ದಾರಿಯಲ್ಲಿ ಎಲ್ಲಿಯೋ ಉದುರಿಹೋದುವು. ಮೆಚ್ಚಿ ಹೆಸರಿಸಿದುದೂ ಖಂಡಿಸಿ ಹೆಸರಿಸಿದುದೂ ಲೆಕ್ಕಕ್ಕೆ ಒಂದೇ ಆಯಿತು.

ಈಗ ಅಂತರಜಾಲಕ್ಕೆ ಬರೋಣ. ೧೯೯೫ರ ಕೊನೆಯಲ್ಲಿ ಬಂದ ಆಲ್ಟಾವಿಸ್ಟಾ ಮುಂತಾದ ಮೊದಲಿನ ಶೋಧಯಂತ್ರಗಳು ಬಹುಮಟ್ಟಿಗೆ ಪುಟದೊಳಗಿನ ಪದಗಳನ್ನೇ ನೋಡುತ್ತಿದ್ದುವು. ಓದುಗನು ಕೇಳಿದ ಪದವು ಒಂದು ಪುಟದಲ್ಲಿ ಹೆಚ್ಚು ಬಾರಿ ಬಂದಿದ್ದರೆ ಆ ಪುಟವು ಮೇಲಕ್ಕೆ ಬರುತ್ತಿತ್ತು. ಇದನ್ನರಿತ ವ್ಯಾಪಾರಿಗಳು ತಮಗೆ ಬೇಕಾದ ಪದವನ್ನು ನೂರಾರು ಬಾರಿ, ಓದುಗನ ಕಣ್ಣಿಗೆ ಬೀಳದಂತೆ ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆಯಿಸಿಟ್ಟರು. ತನ್ನನ್ನು ತಾನೇ ಹೊಗಳಿಕೊಳ್ಳುವವನ ಮಾತನ್ನು ಸಾಕ್ಷ್ಯವೆಂದು ಹಿಡಿದರೆ ಆಗುವ ಅನರ್ಥವೇ ಇದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಅವರು ಇದಕ್ಕೆ ಪರಿಹಾರವನ್ನು ಹುಡುಕಿದುದು ಉಲ್ಲೇಖಶಾಸ್ತ್ರದಲ್ಲಿ. ಪುಟವು ತನ್ನ ವಿಷಯದಲ್ಲಿ ಏನು ಹೇಳಿಕೊಳ್ಳುತ್ತದೆಂಬುದನ್ನಷ್ಟೇ ನೋಡಿದರೆ ಸಾಲದು, ಅನ್ಯರು ಅದನ್ನು ಎಷ್ಟು ಹೆಸರಿಸುತ್ತಾರೆಂಬುದನ್ನು ನೋಡಬೇಕು ಎಂಬುದು ಅವರ ಸಿದ್ಧಾಂತ. ಇದಕ್ಕೆ ಅವರು ಪೇಜ್‌ರ‍್ಯಾಂಕ್ ಎಂದು ಹೆಸರಿಟ್ಟರು. ಅದರ ಕ್ರಮವನ್ನು ಹೀಗೆ ವಿವರಿಸಬಹುದು. ಒಂದು ಪುಟಕ್ಕೆ ಹತ್ತು ಪಾಲು ತೂಕವಿದ್ದು ಅದು ಐದು ಪುಟಗಳಿಗೆ ಕೊಂಡಿ ಹಾಕಿದ್ದರೆ ಆ ಐದಕ್ಕೂ ತಲಾ ಎರಡು ಪಾಲು ಸಲ್ಲುತ್ತದೆ. ಅವುಗಳು ತಮಗೆ ಹೀಗೆ ಎಲ್ಲ ಕಡೆಗಳಿಂದ ಬಂದುದನ್ನು ಕೂಡಿಸಿಕೊಂಡು ತಾವು ಹೆಸರಿಸುವ ಪುಟಗಳಿಗೆ ಹಂಚುತ್ತವೆ. ಈ ಹಂಚಿಕೆಯನ್ನು ತೂಕಗಳು ಒಂದು ನೆಲೆಗೆ ನಿಲ್ಲುವವರೆಗೆ ಮತ್ತೆ ಮತ್ತೆ ಗಣಿಸಬೇಕು. ಗೊತ್ತುಗುರಿಯಿಲ್ಲದೆ ಕೊಂಡಿಯಿಂದ ಕೊಂಡಿಗೆ ಅಲೆಯುವ ಓದುಗನೊಬ್ಬನು, ನೂರರಲ್ಲಿ ಎಂಬತ್ತೈದು ಸಲ ಮುಂದಿನ ಕೊಂಡಿಯನ್ನು ಹಿಡಿದು, ಹದಿನೈದು ಸಲ ಬೇಸತ್ತು ಬೇರೆಲ್ಲಿಗೋ ಹಾರಿದರೆ, ಕಡೆಗೆ ಯಾವ ಪುಟದಲ್ಲಿ ಎಷ್ಟು ಹೊತ್ತು ಕಂಡುಬರುತ್ತಾನೆಂಬುದೇ ಆ ಪುಟದ ತೂಕವೆಂದರೂ ಸರಿಯೇ. ೧೯೯೮ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಕೂಡಿದ ಸಮ್ಮೇಳನದಲ್ಲಿ ಅವರು ತಮ್ಮ ಯಂತ್ರವನ್ನು ಕುರಿತು ಪ್ರಬಂಧವನ್ನು ಮಂಡಿಸಿದಾಗ ಅದರಲ್ಲಿ ೨ ಕೋಟಿ ೪೦ ಲಕ್ಷ ಪುಟಗಳಿದ್ದುವು. ಅದೇ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆ ನೋಂದಣಿಯಾಯಿತು.

ಅದೇ ವರ್ಷ ಅವರು ಸಹೋದ್ಯೋಗಿಗಳೊಡನೆ ಬರೆದ ವರದಿಯೊಂದರಲ್ಲಿ ಇತಿಹಾಸಕಾರನ ಗಮನವನ್ನು ಸೆಳೆಯತಕ್ಕ ಒಂದು ಮಾತಿದೆ. ಓದುಗನ ಅಭಿರುಚಿಗೆ ಹೊಂದಿಸಿದ ಗಣನೆಯನ್ನು ಕುರಿತು ಹೇಳುತ್ತ, ವ್ಯಾಪಾರದ ಹಿತಾಸಕ್ತಿಗಳು ಇದನ್ನು ತಿರುಚುವುದು ಹೆಚ್ಚುಕಡಮೆ ಅಸಾಧ್ಯವೆಂದು ಅವರು ಬರೆದರು. ಒಂದು ಪುಟವು ಮೇಲೇರಬೇಕಾದರೆ ಘನತೆಯುಳ್ಳ ಪುಟವೊಂದನ್ನು, ಇಲ್ಲವೆ ಸಾಮಾನ್ಯವಾದ ಬಹಳ ಪುಟಗಳನ್ನು, ತನಗೆ ಕೊಂಡಿ ಹಾಕುವಂತೆ ಒಪ್ಪಿಸಬೇಕು. ತೀರ ಕೆಟ್ಟರೆ ಯಾರಾದರೂ ಮುಖ್ಯ ತಾಣಗಳಲ್ಲಿ ಹಣಕೊಟ್ಟು ಕೊಂಡಿಗಳನ್ನು ಕೊಂಡಾರು. ಆದರೆ ಅದಕ್ಕೆ ಹಣ ಬೇಕಾದುದರಿಂದ ಅದು ಹತೋಟಿಯಲ್ಲಿಯೇ ಇರುತ್ತದೆ ಎಂಬುದು ಅವರ ತರ್ಕದ ಸಾರಾಂಶ. ಮುಂದೆ ಆದುದೇನೆಂಬುದನ್ನು ಬಲ್ಲ ನಮಗೆ ಈ ಮಾತು ವಿಚಿತ್ರವಾಗಿ ಕಾಣುತ್ತದೆ. ಅವರನ್ನು ನಾವು ಹಾಸ್ಯಮಾಡಬೇಕಾದುದಿಲ್ಲ. ವ್ಯಾಪಾರದಲ್ಲಿ ಹಣವು ತಡೆಗೋಡೆಯಲ್ಲ, ರಾಜಮಾರ್ಗ ಎಂಬುದು ವಿಶ್ವವಿದ್ಯಾನಿಲಯದ ಒಳಗಿರುವವರಿಗೆ ಒಮ್ಮೊಮ್ಮೆ ತಡವಾಗಿ ತಿಳಿಯುತ್ತದೆ.

ಇದೇ ಕಾಲದಲ್ಲಿ ಈ ಪ್ರಶ್ನೆಯ ಮರ್ಮವನ್ನು ಮುಟ್ಟಿದವರು ಬೆಂಗಳೂರಿನ ಕೃಷ್ಣ ಭರತ್ ಅವರು. ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದ ಇವರನ್ನು ಗೂಗಲ್ ನ್ಯೂಸಿನ ನಿರ್ಮಾತೃವೆಂದು ಬಹುಮಂದಿ ಬಲ್ಲರು. ಅದಕ್ಕಿಂತ ಹಿಂದಿನ ಅವರ ಕೆಲಸವು ಅಷ್ಟಾಗಿ ಪ್ರಸಿದ್ಧವಲ್ಲ. ಜಾನ್ ಕ್ಲೈನ್‌ಬರ್ಗ್ ಎಂಬ ವಿದ್ವಾಂಸರು ಕೊಂಡಿಗಳನ್ನು ತೂಗುವ ಮತ್ತೊಂದು ವಿಧಾನವನ್ನು ಆಗತಾನೆ ಸೂಚಿಸಿದ್ದರು. ಭರತ್ ಮತ್ತು ಮೋನಿಕಾ ಹೆನ್ಸಿಂಗರ್ ಅವರು ೧೯೯೮ರಲ್ಲಿ, ಇದೂ ಆಸ್ಟ್ರೇಲಿಯದಲ್ಲಿಯೇ, ಮೆಲ್ಬರ್ನಿನ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಆ ವಿಧಾನದ ಒಂದು ದೋಷವನ್ನು ತೋರಿಸಿದರು. ಒಂದೇ ತಾಣದ ನೂರು ಪುಟಗಳು ಮತ್ತೊಂದು ತಾಣದ ಒಂದೇ ಪುಟಕ್ಕೆ ಕೊಂಡಿ ಹಾಕಿದ್ದರೆ ಯಂತ್ರವು ಅದನ್ನು ನೂರು ಮತಗಳೆಂದು ಎಣಿಸುತ್ತದೆ. ಆದರೆ ಆ ನೂರು ಪುಟಗಳನ್ನೂ ಬರೆದವನು ಒಬ್ಬನೇ ಇರಬಹುದು. ಆದಕಾರಣ ಅವುಗಳಲ್ಲಿ ಒಂದೊಂದಕ್ಕೂ ನೂರರಲ್ಲೊಂದು ಪಾಲಿನ ತೂಕವನ್ನು ಮಾತ್ರ ಕೊಡಬೇಕೆಂದು ಅವರು ವಿಧಿಸಿದರು. ಮುಂದೆ ಭರತ್ ಅವರು ಜಾರ್ಜ್ ಮಿಹೈಲಾ ಅವರೊಡನೆ ರೂಪಿಸಿದ ಹಿಲ್‌ಟಾಪ್ ಎಂಬ ವಿಧಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಪುಟಕ್ಕೆ ಪರಸ್ಪರ ಸಂಬಂಧವಿಲ್ಲದ ಕನಿಷ್ಠ ಇಬ್ಬರು ತಜ್ಞರ ಕೊಂಡಿ ಇರತಕ್ಕದ್ದು. ಎರಡು ತಾಣಗಳು ಸಂಬಂಧಿಗಳೋ ಅಲ್ಲವೋ ಎಂಬುದನ್ನು ತಿಳಿಯುವುದೆಂತು? ಅಂತರಜಾಲದಲ್ಲಿ ಪ್ರತಿಯೊಂದು ಗಣಕಕ್ಕೂ ನಾಲ್ಕು ಭಾಗಗಳುಳ್ಳ ಒಂದು ಸಂಖ್ಯಾವಿಳಾಸವುಂಟು. ಅದರ ಮೊದಲ ಮೂರು ಭಾಗಗಳು ಒಂದೇ ಆಗಿದ್ದರೆ, ಅಥವಾ ತಾಣಗಳ ಹೆಸರಿನ ಮುಖ್ಯಭಾಗವು ಒಂದೇ ಆಗಿದ್ದರೆ, ಅವು ಸಂಬಂಧಿಗಳೆಂದು ಭಾವಿಸತಕ್ಕದ್ದು.

ಸಾಕ್ಷಿಗಳ ಸಂಖ್ಯೆಗಿಂತ ಅವರ ಸ್ವಾತಂತ್ರ್ಯವು ಮುಖ್ಯವೆಂಬ ನಮ್ಮ ಶಾಸ್ತ್ರದ ಹಳೆಯ ನಿಯಮವೇ ಇಲ್ಲಿ ಗಣಿತದ ವೇಷದಲ್ಲಿ ಕಾಣಿಸಿಕೊಂಡಿದೆ. ಮುಂದಿನ ಇಪ್ಪತ್ತು ವರ್ಷಗಳ ಕೊಂಡಿ ವ್ಯಾಪಾರವನ್ನು ಒಂದೇ ಮಾತಿನಲ್ಲಿ ವರ್ಣಿಸುವುದಾದರೆ, ಒಬ್ಬನೇ ಮನುಷ್ಯನು ಪರಸ್ಪರ ಪರಿಚಯವಿಲ್ಲದ ನೂರು ಜನರಂತೆ ತೋರಿಕೊಳ್ಳುವ ವಿದ್ಯೆ ಎನ್ನಬಹುದು. ನೂರಾರು ತಾಣಗಳನ್ನು ಒಬ್ಬನೇ ನಡೆಸುತ್ತ, ಅವೆಲ್ಲ ಬೇರೆ ಬೇರೆ ಜನರವೆಂದು ಕಾಣುವಂತೆ ಬೇರೆ ಬೇರೆ ಸಂಖ್ಯಾವಿಳಾಸಗಳನ್ನು ಒದಗಿಸಿಕೊಡುವುದೇ ಒಂದು ಉದ್ಯೋಗವಾಯಿತು. ಮೂರನೆಯ ಭಾಗದಲ್ಲಿ ಭೇದವಿರುವ ವಿಳಾಸಗಳಿಗೆ ಹೆಚ್ಚು ಬೆಲೆ! ಪರೀಕ್ಷೆಗೆಂದು ಹೇಳಿದ ಲಕ್ಷಣವೇ ಮಾರಾಟದ ಸರಕಾಯಿತು.

ವ್ಯಾಪಾರವು ಬಯಲಿಗೆ ಬಂದುದು ೨೦೦೦ದ ಡಿಸೆಂಬರಿನ ಅನಂತರ. ಆಗ ಗೂಗಲ್ ಸಂಸ್ಥೆಯು ಹೊರತಂದ ಒಂದು ಉಪಕರಣವು, ನೋಡುತ್ತಿರುವ ಪುಟದ ತೂಕವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಯಾರಿಗೆ ಬೇಕಾದರೂ ತೋರಿಸುತ್ತಿತ್ತು. ಅಲ್ಲಿಯವರೆಗೆ ಒಳಗಿನ ಲೆಕ್ಕವಾಗಿದ್ದುದು ಈಗ ಬೆಲೆಯ ಚೀಟಿಯಾಯಿತು: ಏಳು ಅಂಕದ ಪುಟದಿಂದ ಕೊಂಡಿ ಬೇಕಾದರೆ ಇಷ್ಟು, ಐದರದಾದರೆ ಇಷ್ಟು. ೨೦೦೨ರಲ್ಲಿ ಅಮೆರಿಕದ ಓಕ್ಲಹೋಮಾದ ಸರ್ಚ್‌ಕಿಂಗ್ ಎಂಬ ಸಂಸ್ಥೆಯು ಈ ಅಂಕದ ಆಧಾರದ ಮೇಲೆಯೇ ಕೊಂಡಿಗಳ ದಲ್ಲಾಳಿ ವ್ಯವಹಾರವನ್ನು ಆರಂಭಿಸಿತು. ಗೂಗಲ್ ಅದರ ಅಂಕವನ್ನು ಬೇಕೆಂದೇ ಇಳಿಸಿತು. ಸಂಸ್ಥೆಯು ಮೊಕದ್ದಮೆ ಹೂಡಿತು. ೨೦೦೩ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಕೊಟ್ಟ ತೀರ್ಪು ಗಮನಾರ್ಹವಾದುದು. ಪುಟದ ತೂಕವೆಂಬುದು ಗೂಗಲಿನ ಅಭಿಪ್ರಾಯ. ಅಭಿಪ್ರಾಯವನ್ನು ಸುಳ್ಳೆಂದು ಸಾಧಿಸಲಾಗದು. ಅಮೆರಿಕದ ಸಂವಿಧಾನವು ವಾಕ್‌ಸ್ವಾತಂತ್ರ್ಯಕ್ಕೆ ಕೊಡುವ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂದು ದಾವೆಯು ವಜಾ ಆಯಿತು. ಜಗತ್ತೆಲ್ಲ ಅಳತೆಯೆಂದು ನಂಬಿದ್ದುದನ್ನು ನ್ಯಾಯಾಲಯವು ಅಭಿಪ್ರಾಯವೆಂದು ಕರೆಯಿತು. ವಿದ್ಯಾರ್ಥಿಗಳು ಶೋಧಯಂತ್ರದ ಮೊದಲ ಉತ್ತರವನ್ನು ಪ್ರಮಾಣವೆಂದು ತಂದೊಪ್ಪಿಸಿದಾಗಲೆಲ್ಲ ಈ ತೀರ್ಪು ನೆನಪಿಗೆ ಬರುತ್ತದೆ.

ಹಣವಿಲ್ಲದವರು ಬೇರೆ ದಾರಿಯನ್ನು ಹಿಡಿದರು. ಜಾಲದ ಲೇಖನಗಳ ಕೆಳಗೆ ಓದುಗರು ಟಿಪ್ಪಣಿ ಬರೆಯಲು ಅವಕಾಶವಿದ್ದಲ್ಲೆಲ್ಲ ತಮ್ಮ ಕೊಂಡಿಗಳನ್ನು ತುರುಕಿದರು. ಇದನ್ನು ತಡೆಯಲು ೨೦೦೫ರ ಜನವರಿಯಲ್ಲಿ ಗೂಗಲ್, ಯಾಹೂ, ಎಂ.ಎಸ್.ಎನ್. ಸಂಸ್ಥೆಗಳು ಒಟ್ಟಾಗಿ ‘ನೋಫಾಲೋ’ ಎಂಬ ಗುರುತನ್ನು ಜಾರಿಗೆ ತಂದುವು. ಆ ಗುರುತುಳ್ಳ ಕೊಂಡಿಯು ಓದುಗನನ್ನು ಒಯ್ಯುವುದೇ ಹೊರತು ತೂಕವನ್ನು ಒಯ್ಯುವುದಿಲ್ಲ. ಆಂಗ್ಲ ವಿಕಿಪೀಡಿಯ ೨೦೦೭ರಲ್ಲಿ ತನ್ನಿಂದ ಹೊರಹೋಗುವ ಕೊಂಡಿಗಳಿಗೆಲ್ಲ ಈ ಗುರುತನ್ನು ಹಾಕಿತು. ಆದರೂ ಟಿಪ್ಪಣಿಗಳ ಹಾವಳಿ ನಿಲ್ಲಲಿಲ್ಲ. ಅಗ್ಗದ ಕೂಲಿಗೆ ಅದನ್ನು ಮಾಡಿಕೊಡುವ ಕೆಲಸವು ಸಮುದ್ರವನ್ನು ದಾಟಿ ನಮ್ಮ ದೇಶಕ್ಕೂ ಬಂದಿತು. ನಮ್ಮ ವಿಭಾಗದಲ್ಲಿ ಓದಿ ಹೋದ ಶಿಷ್ಯರೊಬ್ಬರು ಪದವಿಯ ಅನಂತರ ಮೊದಲು ಸೇರಿದುದು ಇಂತಹ ಒಂದು ಕಚೇರಿಯನ್ನು. ದಿನಕ್ಕೆ ನಲವತ್ತು ಟಿಪ್ಪಣಿಗಳು ಅವರ ಪಾಲಿನ ಕೆಲಸ: ಲೇಖನವು ಬಹಳ ಉಪಯುಕ್ತವಾಗಿದೆ ಎಂದು ಕಲ್ಪಿತ ಹೆಸರಿನಲ್ಲಿ ಬರೆದು ಕೊಂಡಿಯೊಂದನ್ನು ಸೇರಿಸುವುದು. “ಒಂದನ್ನೂ ಓದಿ ಬರೆದವನಲ್ಲ ಸರ್, ಓದುತ್ತ ಕೂತರೆ ನಲವತ್ತು ಮುಗಿಯೋದೇ ಇಲ್ಲ” ಎಂದು ಅವರು ಹೇಳಿದರು. ಒಮ್ಮೆ ಮಾತ್ರ ವಿಜಯನಗರವನ್ನು ಕುರಿತ ಪುಟವೊಂದರಲ್ಲಿ ೧೫೬೫ರ ಯುದ್ಧದ ವರ್ಷವು ತಪ್ಪಾಗಿದ್ದುದನ್ನು ಕಂಡು ಮನಸ್ಸು ತಡೆಯದೆ ತಿದ್ದಿ ಬರೆದರಂತೆ. ಅದರಲ್ಲಿ ಕೊಂಡಿ ಇರಲಿಲ್ಲವಾಗಿ ಆ ದಿನದ ಲೆಕ್ಕಕ್ಕೆ ಅದು ಸೇರಲಿಲ್ಲ.

ಹೊಗಳಿಕೆ ತೆಗಳಿಕೆಗಳ ಭೇದವನ್ನು ಬಿಟ್ಟುಕೊಟ್ಟುದರ ಫಲವೂ ಬೇಗನೆ ಕಾಣಿಸಿಕೊಂಡಿತು. ೨೦೦೩ರಲ್ಲಿ ಕೆಲವು ಹಾಸ್ಯಪ್ರಿಯರು ಒಟ್ಟುಗೂಡಿ ‘ಶೋಚನೀಯ ವೈಫಲ್ಯ’ ಎಂಬರ್ಥದ ಆಂಗ್ಲ ಪದಗಳಿಂದ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಜೀವನಚರಿತ್ರೆಯ ಪುಟಕ್ಕೆ ಕೊಂಡಿಗಳನ್ನು ಹಾಕಿದರು. ಆ ಪದಗಳನ್ನು ಯಾರು ಕೇಳಿದರೂ ಯಂತ್ರವು ಅಧ್ಯಕ್ಷರನ್ನೇ ಮೊದಲು ತೋರಿಸತೊಡಗಿತು. ೨೦೦೭ರ ಜನವರಿಯಲ್ಲಷ್ಟೇ ಇದಕ್ಕೆ ಮದ್ದು ದೊರೆಯಿತು. ೨೦೧೦ರಲ್ಲಿ ನ್ಯೂಯಾರ್ಕಿನ ಕನ್ನಡಕದ ವ್ಯಾಪಾರಿಯೊಬ್ಬನು, ಗಿರಾಕಿಗಳು ತನ್ನನ್ನು ಬೈದು ಜಾಲದಲ್ಲಿ ಬರೆದಷ್ಟೂ ತನ್ನ ತಾಣವು ಮೇಲೇರುತ್ತದೆಂದು ವೃತ್ತಪತ್ರಿಕೆಯವರಲ್ಲಿ ಕೊಚ್ಚಿಕೊಂಡನು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಗೂಗಲ್ ತನ್ನ ಗಣನೆಯನ್ನು ತಿದ್ದಿರುವುದಾಗಿ ಪ್ರಕಟಿಸಿತು. ಷೆಪರ್ಡನ ಅಂಟುಚೀಟಿಯನ್ನು ನೋಡಿದ ಯಾವ ವಕೀಲನಿಗೂ ಇಂತಹ ಮೋಸವಾಗುತ್ತಿರಲಿಲ್ಲ.

೨೦೧೧ರ ಫೆಬ್ರುವರಿಯ ಎರಡು ಪ್ರಸಂಗಗಳನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಜೆ. ಸಿ. ಪೆನ್ನಿ ಎಂಬ ಅಮೆರಿಕದ ದೊಡ್ಡ ಅಂಗಡಿಸಮೂಹವು ಹಿಂದಿನ ಹಬ್ಬದ ಕಾಲದುದ್ದಕ್ಕೂ ಉಡುಪು, ಹಾಸಿಗೆ, ನೆಲಹಾಸು ಮುಂತಾದ ಯಾವ ಪದವನ್ನು ಕೇಳಿದರೂ ಯಂತ್ರದಲ್ಲಿ ಮೊದಲು ಬರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತಜ್ಞರೊಬ್ಬರಿಂದ ಪರೀಕ್ಷೆ ಮಾಡಿಸಿದಾಗ, ವಿಷಯಕ್ಕೆ ಏನೇನೂ ಸಂಬಂಧವಿಲ್ಲದ ಸಾವಿರಾರು ಪುಟಗಳಲ್ಲಿ ಈ ಅಂಗಡಿಗೆ ಕೊಂಡಿಗಳನ್ನು ನೆಟ್ಟಿದ್ದುದು ಬೆಳಕಿಗೆ ಬಂದಿತು. ತನಗೆ ಇದು ತಿಳಿಯದೆಂದು ಅಂಗಡಿಯವರು ಹೇಳಿದರು. ಗೂಗಲ್ ಕ್ರಮ ಕೈಕೊಂಡ ಸಂಜೆ ಏಳು ಗಂಟೆಗೆ ಪ್ರಯಾಣದ ಪೆಟ್ಟಿಗೆಯ ಶೋಧದಲ್ಲಿ ಮೊದಲನೆಯ ಸ್ಥಾನದಲ್ಲಿದ್ದ ಅಂಗಡಿಯು ಒಂಬತ್ತಕ್ಕೆ ಎಪ್ಪತ್ತೊಂದನೆಯದಾಗಿತ್ತು.

ಎರಡನೆಯ ಪ್ರಸಂಗವು ನಮಗೆ ಇನ್ನೂ ಹತ್ತಿರದ್ದು. ಅಮೆರಿಕದ ವಿಶ್ವವಿದ್ಯಾನಿಲಯಗಳ ತಾಣಗಳಿಗೆ ‘ಎಡು’ ಎಂಬ ಪ್ರತ್ಯೇಕ ಹೆಸರಿನ ಕೊನೆಯುಂಟು. ಅಲ್ಲಿಂದ ಬಂದ ಕೊಂಡಿಗೆ ಹೆಚ್ಚಿನ ಬೆಲೆಯೆಂಬ ನಂಬಿಕೆ ವ್ಯಾಪಾರಿಗಳಲ್ಲಿ ಬಲವಾಗಿತ್ತು. ಓವರ್‌ಸ್ಟಾಕ್ ಎಂಬ ಸಂಸ್ಥೆಯು, ತಮ್ಮ ಕಾಲೇಜಿನ ಪುಟಗಳಲ್ಲಿ ತನ್ನ ಸರಕುಗಳ ಹೆಸರಿಗೆ ಕೊಂಡಿ ಹಾಕಿದರೆ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಕೆಲವು ಸರಕುಗಳ ಮೇಲೆ ನೂರಕ್ಕೆ ಹತ್ತರಷ್ಟು ರಿಯಾಯಿತಿ ಕೊಡುವುದಾಗಿ ಹೇಳಿತು. ಕೊಂಡಿಗಳು ಬಂದುವು. ಮಂಚಗಳು, ಉಡುಗೊರೆಯ ಬುಟ್ಟಿಗಳು ಮುಂತಾದ ಪದಗಳು ವಿದ್ಯಾಸಂಸ್ಥೆಗಳ ಪುಟಗಳಲ್ಲಿ ಮೂಡಿದುವು. ಗೂಗಲ್ ಈ ಸಂಸ್ಥೆಯನ್ನೂ ಕೆಲವು ಕಾಲ ಕೆಳಕ್ಕೆ ದೂಡಿತು. ಶಿಕ್ಷೆಯಾದುದು ಸಾಕ್ಷ್ಯವನ್ನು ಕೊಂಡವನಿಗೆ. ವಿದ್ಯಾಸಂಸ್ಥೆಯ ಹೆಸರಿನಲ್ಲಿ ಸಾಕ್ಷ್ಯವನ್ನು ನುಡಿದು ಮಂಚದ ಬೆಲೆಯಲ್ಲಿ ಹತ್ತನೆಯ ಒಂದು ಭಾಗವನ್ನು ಉಳಿಸಿಕೊಂಡ ಅಧ್ಯಾಪಕರನ್ನು ಯಾರೂ ಏನೂ ಕೇಳಿದಂತೆ ಕಾಣುವುದಿಲ್ಲ.

೨೦೧೨ರ ಏಪ್ರಿಲ್ ೨೪ರಂದು ಬಂದ ‘ಪೆಂಗ್ವಿನ್’ ಎಂಬ ತಿದ್ದುಪಡಿಯಿಂದ ಕೃತಕವಾದ ಕೊಂಡಿಗಳುಳ್ಳ ತಾಣಗಳು ಗುಂಪುಗುಂಪಾಗಿ ಕೆಳಗಿಳಿದುವು. ಆಂಗ್ಲದ ಪ್ರಶ್ನೆಗಳಲ್ಲಿ ನೂರಕ್ಕೆ ೩.೧ರಷ್ಟರ ಮೇಲೆ ಇದರ ಪರಿಣಾಮವಾಗುವುದೆಂದು ಗೂಗಲ್ ತಿಳಿಸಿತ್ತು. ಅದುವರೆಗೆ ಕೊಂಡಿ ಹಾಕಿರೆಂದು ಬೇಡುತ್ತಿದ್ದವರು ಈಗ ಕೊಂಡಿಯನ್ನು ಕಿತ್ತುಹಾಕಿರೆಂದು ಬೇಡತೊಡಗಿದರು. ಹಾಕಲು ಹಣ ಪಡೆದಿದ್ದವರಲ್ಲಿ ಕೆಲವರು ಕೀಳಲೂ ಹಣ ಕೇಳಿದರು! ಅದೇ ಅಕ್ಟೋಬರಿನಲ್ಲಿ 'ಈ ಕೊಂಡಿಗಳು ನನಗೆ ಬೇಡ' ಎಂದು ತಾಣದ ಒಡೆಯನೇ ಯಂತ್ರಕ್ಕೆ ಪಟ್ಟಿ ಕೊಡುವ ಸೌಕರ್ಯವೂ ಬಂದಿತು. ತನ್ನ ಪರವಾದ ಸಾಕ್ಷಿಗಳನ್ನು ತಾನೇ ಅಲ್ಲಗಳೆಯುವ ಇಂತಹ ವಿಧಾನವು ಬೇರೆ ಯಾವ ನ್ಯಾಯಸ್ಥಾನದಲ್ಲಿಯೂ ಇದ್ದಂತೆ ತೋರುವುದಿಲ್ಲ. ೨೦೧೩ರಲ್ಲಿ ಇಂಗ್ಲೆಂಡಿನ ಹೂವಿನ ವ್ಯಾಪಾರದ ಇಂಟರ್‌ಫ್ಲೋರಾ ಸಂಸ್ಥೆ ಪ್ರಾಂತೀಯ ಪತ್ರಿಕೆಗಳಲ್ಲಿ ಲೇಖನದ ರೂಪದ ಜಾಹೀರಾತುಗಳನ್ನು ಹಾಕಿಸಿ ಸಿಕ್ಕಿಬಿದ್ದಾಗ, ಪತ್ರಿಕೆಗಳ ಅಂಕಗಳೂ ಇಳಿದುವು. ಸಾಕ್ಷ್ಯವನ್ನು ಮಾರಿದವನಿಗೂ ದಂಡ ಬಿದ್ದ ಪ್ರಸಂಗವಿದು. ಎಲ್ಲರೂ ನೋಡಬಹುದಾಗಿದ್ದ ಅಂಕವನ್ನು ಗೂಗಲ್ ೨೦೧೬ರಲ್ಲಿ ತೆಗೆದುಹಾಕಿತು. ೨೦೧೯ರಲ್ಲಿ ಹಣ ಪಡೆದ ಕೊಂಡಿಗೂ ಓದುಗರು ಹಾಕಿದ ಕೊಂಡಿಗೂ ಬೇರೆ ಬೇರೆ ಗುರುತುಗಳು ಬಂದುವು. ಉದುರಿಹೋಗಿದ್ದ ಸಂಕೇತಾಕ್ಷರಗಳು ಹೀಗೆ ಸ್ವಲ್ಪಮಟ್ಟಿಗೆ ಮರಳಿದುವೆನ್ನಬಹುದು. ಕೊಂಡಿಯು ಇಂದು ಯಂತ್ರವು ತೂಗುವ ಹಲವು ಆಧಾರಗಳಲ್ಲಿ ಒಂದು ಮಾತ್ರ. ಅದರ ಮಾರಾಟ ಮಾತ್ರ ನಿಂತಿಲ್ಲ.

ಕೊಂಡಿಗಳನ್ನು ಗಳಿಸುವ ಪ್ರಯತ್ನವೆಲ್ಲ ವಂಚನೆಯೆಂದು ಈ ಲೇಖಕನು ಹೇಳುವುದಿಲ್ಲ. ತಾಲ್ಲೂಕಿನ ಶಾಸನಗಳ ಪಟ್ಟಿಯೊಂದನ್ನು ಶ್ರಮಪಟ್ಟು ಸಿದ್ಧಪಡಿಸಿದ ಅಧ್ಯಾಪಕನು ಅದೇ ವಿಷಯದಲ್ಲಿ ಕೆಲಸ ಮಾಡುವವರಿಗೆ ಪತ್ರ ಬರೆದು, ನಿಮಗಿದು ಉಪಯೋಗವಾದೀತು, ನೋಡಿರಿ ಎಂದು ತಿಳಿಸುವುದು ವಿದ್ವತ್ತಿನ ಹಳೆಯ ಮರ್ಯಾದೆ. ಹಿಂದೆ ಗ್ರಂಥದ ಗೌರವಪ್ರತಿಯನ್ನು ಕಳುಹಿಸುತ್ತಿದ್ದುದೂ ಇದಕ್ಕೇ. ಪತ್ರವನ್ನು ಪಡೆದವನು ಓದಿ, ತೂಗಿ, ಬೇಡವೆನ್ನಲು ಸ್ವತಂತ್ರನಾಗಿದ್ದಾನೆಯೋ ಇಲ್ಲವೋ ಎಂಬುದರ ಮೇಲೆ ಭೇದವು ನಿಂತಿದೆ. ಇನ್ನು ಕೂಟಕೊಂಡಿಗಳು ಇತಿಹಾಸಕಾರನಿಗೆ ನಿರುಪಯೋಗಿಗಳೆಂದೂ ತಿಳಿಯಬೇಕಾದುದಿಲ್ಲ. ತಲಕಾಡಿನ ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಫ್ಲೀಟರು ಲಿಪಿ ಕಾಲಗಳ ಪರೀಕ್ಷೆಯಿಂದ ಕೂಟವೆಂದು ತೀರ್ಮಾನಿಸಿದುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಕೂಟಶಾಸನವು ತಾನು ಹೇಳುವ ಕಾಲಕ್ಕೆ ಸಾಕ್ಷ್ಯವಲ್ಲದಿದ್ದರೂ ಅದನ್ನು ಸೃಷ್ಟಿಸಿದ ಕಾಲದಲ್ಲಿ ಜನರು ಯಾವ ಹೆಸರನ್ನು ನಂಬುತ್ತಿದ್ದರೆಂಬುದಕ್ಕೆ ಒಳ್ಳೆಯ ಸಾಕ್ಷ್ಯ. ಕೊಂಡಿಗಳ ಸಂತೆಯಲ್ಲಿ ವಿದ್ಯಾಸಂಸ್ಥೆಯ ಹೆಸರಿಗೆ ಅಷ್ಟು ಬೆಲೆ ಬಂದುದನ್ನೂ ಹೀಗೆಯೇ ಓದಬೇಕು.

ಆ ಸಂತೆಯಲ್ಲಿ ನಡೆಯುವ ಮತ್ತೊಂದು ಬಗೆಯ ವ್ಯಾಪಾರವನ್ನು ಗೂಗಲ್ ೨೦೨೪ರ ಮಾರ್ಚಿನಲ್ಲಿ ಹೆಸರಿಸಿ ನಿಷೇಧಿಸಿತು. ಅಂತರಜಾಲದ ವಿಳಾಸವನ್ನು ಕಾಲಕಾಲಕ್ಕೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕು. ಒಂದು ಶಾಲೆಯೋ ಸಂಘವೋ ಮುಚ್ಚಿ ಶುಲ್ಕ ನಿಂತರೆ ಆ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನಿಗೆ ಹೆಸರಿನ ಜೊತೆಗೆ, ಹಿಂದಿನವರ ಯೋಗ್ಯತೆಯನ್ನು ಕಂಡು ಅನ್ಯರು ಹಾಕಿದ್ದ ಕೊಂಡಿಗಳೆಲ್ಲ ಸಿಕ್ಕುತ್ತವೆ; ಸತ್ತವರ ಮುದ್ರೆಯು ಕೈಗೆ ಬಂದಂತೆ. ಈ ನಿಷೇಧದ ಸುದ್ದಿಯನ್ನು ಓದಿದ ಮೇಲೆ ನಮ್ಮ ವಿಭಾಗದ ಪುಟವನ್ನು ಪರೀಕ್ಷಿಸಬೇಕೆಂದು ತೋರಿತು. ‘ಉಪಯುಕ್ತ ತಾಣಗಳು’ ಎಂಬ ತಲೆಬರಹದ ಕೆಳಗೆ ಈ ಲೇಖಕನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಕಿದ್ದ ಕೊಂಡಿಗಳು ಇಪ್ಪತ್ತಾರು. ಅವುಗಳಲ್ಲಿ ಐದು ತೆರೆಯಲಿಲ್ಲ. ಮೂರು ಬೇರೆಯವರ ಕೈ ಸೇರಿದ್ದುವು. ಒಂದು ಕಾಲದಲ್ಲಿ ಸ್ಥಳೀಯ ಚರಿತ್ರೆಯ ಸಣ್ಣ ಸಂಘವೊಂದರದಾಗಿದ್ದ ವಿಳಾಸದಲ್ಲಿ ಈಗ ಹಣಕಟ್ಟಿ ಆಡುವ ಇಸ್ಪೀಟಿನ ಜಾಹೀರಾತು. ಸಂಘದ ಪುಟದ ಹಳೆಯ ಹೆಸರನ್ನು ಹೊಸ ಒಡೆಯರು ಹಾಗೆಯೇ ಉಳಿಸಿಕೊಂಡಿದ್ದರು. ಎಷ್ಟು ವರ್ಷಗಳಿಂದ ನಮ್ಮ ವಿಭಾಗವು ಆ ಆಟಕ್ಕೆ ಸಾಕ್ಷಿ ನುಡಿಯುತ್ತಿತ್ತೋ ತಿಳಿಯಲಾಗಲಿಲ್ಲ.

ಆ ಮೂರನ್ನು ಅಂದೇ ತೆಗೆದುಹಾಕಲಾಯಿತು. ಸಂಘದವರು ಪ್ರಕಟಿಸಿದ್ದ ಲೇಖನಗಳಲ್ಲಿ ಕೆಲವು ಹಳೆಯ ಪುಟಗಳನ್ನು ಕಾಪಾಡುವ ‘ಇಂಟರ್‌ನೆಟ್ ಆರ್ಕೈವ್’ ಎಂಬ ಸಂಗ್ರಹದಲ್ಲಿ ದೊರೆತುವು. ಕೊಂಡಿಯನ್ನು ಅಲ್ಲಿಗೆ ಬದಲಾಯಿಸಿ, ಪಕ್ಕದಲ್ಲಿ ನೋಡಿದ ದಿನಾಂಕವನ್ನು ಬರೆದಿದ್ದೇವೆ. ಪ್ರತಿ ಅವಧಿಯ ಆರಂಭದಲ್ಲಿ ಅಂತಿಮ ತರಗತಿಯ ಇಬ್ಬರು ವಿದ್ಯಾರ್ಥಿಗಳು ಉಳಿದ ಕೊಂಡಿಗಳನ್ನು ಒಂದೊಂದಾಗಿ ತೆರೆದು ನೋಡಿ ದಾಖಲೆಯ ಪುಸ್ತಕದಲ್ಲಿ ಸಹಿ ಹಾಕಬೇಕೆಂದು ಗೊತ್ತುಮಾಡಿದೆ. ಕಳೆದ ಅವಧಿಯ ಪರೀಕ್ಷೆಯಲ್ಲಿ ಮತ್ತೊಂದು ವಿಳಾಸವು ಕೈಬದಲಾಗಿದ್ದುದು ಪತ್ತೆಯಾಯಿತು.